ಮಗ್ಗದ ಮೋಟಾರಿನಿಂದ ಡ್ರೋನಿನವರೆಗೆ

ಸ್ಮರಣ ಸಂಚಿಕೆಗೆ ಬರೆಯುವ ಹಳೆಯ ವಿದ್ಯಾರ್ಥಿಗಳು ಗುರುಗಳ ಬೆತ್ತವನ್ನೂ ಮಳೆಗಾಲದಲ್ಲಿ ಸೋರುತ್ತಿದ್ದ ಹಂಚುಗಳನ್ನೂ ನೆನೆಯುವುದು ಸಂಪ್ರದಾಯ. ಆ ನೆನಪುಗಳು ನನ್ನಲ್ಲಿ ಇಲ್ಲವೆಂದಲ್ಲ. ಅವನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಸಹಪಾಠಿಗಳು ಈ ಸಂಚಿಕೆಯಲ್ಲಿಯೇ ಇದ್ದಾರೆ. ನಾನು ಇಚಲಕರಂಜಿಯಲ್ಲಿ ಮೂವತ್ತು ವರ್ಷ ಯಂತ್ರಮಗ್ಗಗಳ ಮೋಟಾರುಗಳಿಗೆ ತಂತಿ ಸುತ್ತಿ ಹೊಟ್ಟೆ ಹೊರೆದವನು. ತಾಮ್ರದ ತಂತಿ, ಅದರ ಬಿಸಿ, ಅದು ಸುಟ್ಟಾಗ ಏಳುವ ವಾರ್ನಿಶಿನ ವಾಸನೆ, ನನ್ನ ವಿದ್ಯೆ ಇಷ್ಟೇ. ಮಹೋತ್ಸವ ಸಮಿತಿಯವರು ಶಾಲೆಯನ್ನು ಆಕಾಶದಿಂದ ತೋರಿಸುವ ಒಂದು ಛಾಯಾಚಿತ್ರ ಬೇಕೆಂದೂ, ಗಡಹಿಂಗ್ಲಜದಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ತಂಗಿಯ ಮಗಳು ಕಟ್ಟುತ್ತಿದ್ದ ಡ್ರೋನಿನಿಂದಲೇ ಅದನ್ನು ತೆಗೆಸಬೇಕೆಂದೂ ಅಪ್ಪಣೆ ಮಾಡಿದರು. ಆ ಯಂತ್ರಕ್ಕೆ ನಾಲ್ಕು ವೇಗ ನಿಯಂತ್ರಕಗಳನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಆ ಆಯ್ಕೆಯ ವೃತ್ತಾಂತವನ್ನೇ ವಾಚಕರ ಮುಂದಿಡುತ್ತೇನೆ.

ಮೊದಲು ನನ್ನ ಕಸುಬಿನ ಬಗ್ಗೆ ಎರಡು ಮಾತು. ನಮ್ಮ ಚಂದಗಡ ತಾಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯಲ್ಲಿತ್ತು. ಅನಂತರ ಕೊಲ್ಲಾಪುರಕ್ಕೆ ಸೇರಿತು. ಭತ್ತ, ನಾಚಣಿ, ಗೇರುಗಳ ಈ ಸೀಮೆಯಿಂದ ದುಡಿಮೆಗೆ ಹೊರಟವರಲ್ಲಿ ಕೆಲವರು ಬೆಳಗಾವಿಯ ಫೌಂಡ್ರಿಗಳ ಕಡೆಗೆ ನಡೆದರೆ ಕೆಲವರು ಇಚಲಕರಂಜಿಯ ಮಗ್ಗಗಳ ಕಡೆಗೆ ನಡೆದರು. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದ್ದು 1904ರಲ್ಲಿ. ಅಲ್ಲಿಂದ ಮುಂದೆ ಆ ಊರು ಮಗ್ಗಗಳ ಸದ್ದಿನಲ್ಲಿಯೇ ಬೆಳೆಯಿತು. ಮಗ್ಗವೊಂದಕ್ಕೆ ಒಂದು ಮೋಟಾರು. ಮೋಟಾರಿಗೆ ಮೂರು ಫೇಸಿನ ವಿದ್ಯುತ್ತು. ಮೂರರಲ್ಲಿ ಒಂದು ಫೇಸು ಹೋದರೆ ಮೋಟಾರು ಗುಂಯ್ ಎಂದು ನರಳಿ, ಬಿಸಿಯೇರಿ, ನನ್ನ ಬಾಗಿಲಿಗೆ ಬರುತ್ತಿತ್ತು. ಹಾಗೆ ಬಾರದಿರಲೆಂದೇ ಸ್ಟಾರ್ಟರಿನಲ್ಲಿ ರಿಲೇ ಇರುತ್ತದೆ. ಭಾರ ಹೆಚ್ಚಾದರೆ ಅದು ಟ್ರಿಪ್ ಆಗಿ ಮೋಟಾರನ್ನು ನಿಲ್ಲಿಸುತ್ತದೆ. ಮಗ್ಗ ನಿಂತರೆ ನಷ್ಟ ಒಂದಿಷ್ಟು ಬಟ್ಟೆಯದು, ಮೋಟಾರು ಉಳಿಯುತ್ತದೆ. ‘ಸಕಾಲದಲ್ಲಿ ನಿಲ್ಲುವ ಯಂತ್ರವೇ ಒಳ್ಳೆಯ ಯಂತ್ರ’ ಎಂಬ ನಂಬಿಕೆಯಲ್ಲಿ ನನ್ನ ಮೂವತ್ತು ವರ್ಷಗಳು ಕಳೆದವು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ತಿರುವುಮುರುವಾಗುತ್ತದೆ.

ನಾಲ್ಕು ತೋಳುಗಳ ಡ್ರೋನಿಗೆ ವಿಮಾನಕ್ಕಿರುವಂಥ ರೆಕ್ಕೆಯಿಲ್ಲ, ಬಾಲವಿಲ್ಲ, ಚುಕ್ಕಾಣಿಯಿಲ್ಲ. ಎರಡು ಮೋಟಾರುಗಳು ಬಲಕ್ಕೂ ಎರಡು ಎಡಕ್ಕೂ ತಿರುಗುತ್ತವೆ. ಏಳುವುದು, ಇಳಿಯುವುದು, ಬಾಗುವುದು, ತಿರುಗುವುದು ಎಲ್ಲವೂ ಈ ನಾಲ್ಕರ ವೇಗಗಳಲ್ಲಿ ಆಗುವ ಏರುಪೇರಿನಿಂದಲೇ. ಇಂಜಿನ್ ನಿಂತ ವಿಮಾನ ಸ್ವಲ್ಪ ದೂರ ತೇಲಿಕೊಂಡು ಹೋಗಿ ಗದ್ದೆಯಲ್ಲಾದರೂ ಇಳಿದೀತು. ಡ್ರೋನಿನ ಒಂದು ಮೋಟಾರು ನಿಂತರೆ ಅದು ಆ ಕ್ಷಣವೇ ಮಗುಚಿ ಕಲ್ಲಿನಂತೆ ಬೀಳುತ್ತದೆ. ನಮ್ಮದು ಬ್ಯಾಟರಿ ಸಹಿತ 1.2 ಕಿಲೋಗ್ರಾಂ ತೂಗುತ್ತದೆ. 30 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 80 ಕಿಲೋಮೀಟರಿಗೂ ಮಿಗಿಲು. ಕೆಳಗಿರುವುದು ಶಾಲೆಯ ಅಂಗಳ. ಮೋಟಾರನ್ನು ಓಡಿಸುವುದೂ ನಿಲ್ಲಿಸುವುದೂ ವೇಗ ನಿಯಂತ್ರಕದ ಕೈಯಲ್ಲಿದೆ. ಆದ್ದರಿಂದ ಅದರ ಆಯ್ಕೆಯನ್ನು ನಾನು ಅಂಗಡಿಯವನ ಮಾತಿಗೆ ಬಿಡಲಿಲ್ಲ.

ಅಂಗಡಿಗಳಲ್ಲಿ ‘ಇಎಸ್‌ಸಿ’ ಎಂದು ಕರೆಯುವ ಈ ವಸ್ತು ಬೆಂಕಿಪೆಟ್ಟಿಗೆಗಿಂತ ತುಸು ಉದ್ದ. ಒಂದು ಬದಿಗೆ ಬ್ಯಾಟರಿಯ ಎರಡು ತಂತಿಗಳು, ಇನ್ನೊಂದು ಬದಿಗೆ ಮೋಟಾರಿನ ಮೂರು ತಂತಿಗಳು. ಅವನ್ನು ಕಂಡೊಡನೆ ನನಗೆ ಹಳೆಯ ನೆಂಟನನ್ನು ಕಂಡಂತಾಯಿತು. ನಮ್ಮ ಮಗ್ಗಕ್ಕೆ ಮೂರು ಫೇಸುಗಳು ಕಂಬದಿಂದ ಇಳಿದುಬರುತ್ತಿದ್ದವು. ಇಲ್ಲಿ ಬ್ಯಾಟರಿಯ ನೇರ ವಿದ್ಯುತ್ತಿನಿಂದ ಮೂರು ಫೇಸುಗಳನ್ನು ಈ ಚಿಕ್ಕ ಹಲಗೆಯೇ ಸೃಷ್ಟಿಸಬೇಕು. ಮೋಟಾರಿನ ಪ್ರತಿ ತಂತಿಗೆ ಮೇಲೊಂದು ಕೆಳಗೊಂದು ಬಾಗಿಲು, ಒಟ್ಟು ಆರು. ಮಾಸ್‌ಫೆಟ್ ಎಂಬ ಅರೆವಾಹಕಗಳೇ ಈ ಬಾಗಿಲುಗಳು. ಯಾವ ಕ್ಷಣದಲ್ಲಿಯೂ ಎರಡು ಸುತ್ತುಗಳಲ್ಲಿ ವಿದ್ಯುತ್ತು ಹರಿಯುತ್ತದೆ, ಮೂರನೆಯದು ಖಾಲಿ. ತಿರುಗುವ ಅಯಸ್ಕಾಂತಗಳು ಆ ಖಾಲಿ ಸುತ್ತಿನಲ್ಲಿ ಅಲ್ಪ ವೋಲ್ಟೇಜನ್ನು ಹುಟ್ಟಿಸುತ್ತವೆ. ಅದರ ಏರಿಳಿತವನ್ನು ಓದಿಯೇ ನಿಯಂತ್ರಕವು ಮೋಟಾರು ಈಗ ಎಲ್ಲಿಗೆ ತಿರುಗಿದೆ, ಮುಂದಿನ ಬಾಗಿಲನ್ನು ಯಾವಾಗ ತೆರೆಯಬೇಕು ಎಂದು ನಿರ್ಧರಿಸುತ್ತದೆ. ನಿಂತ ಮೋಟಾರಿನಲ್ಲಿ ಈ ಸುಳಿವು ಇರುವುದಿಲ್ಲ. ಆದಕಾರಣ ಮೊದಲ ತಳ್ಳುವಿಕೆ ಕುರುಡನು ತಡವಿದಂತೆ.

ಇದೆಲ್ಲ ಎಷ್ಟು ಚುರುಕಾಗಿ ನಡೆಯಬೇಕೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ನಾಲ್ಕು ಧ್ರುವಗಳ ಮಗ್ಗದ ಮೋಟಾರು ಸೆಕೆಂಡಿಗೆ 50 ಆವರ್ತನದ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ನಮ್ಮ ಡ್ರೋನಿನ ಮೋಟಾರು ‘ಎ2212, 1000 ಕೆವಿ’ ಎಂಬ ಮಾದರಿ. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟಲ್ಲ; ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ. ಮೂರು ಕೋಶಗಳ ಲಿಥಿಯಂ ಬ್ಯಾಟರಿ ಪೂರ್ಣ ತುಂಬಿದಾಗ 12.6 ವೋಲ್ಟ್, ಅಂದರೆ 12,600 ಸುತ್ತು, ಸೆಕೆಂಡಿಗೆ 210. ಒಳಗೆ 14 ಅಯಸ್ಕಾಂತಗಳು, ಏಳು ಜೋಡಿ. ಪ್ರತಿ ಆವರ್ತನಕ್ಕೆ ಆರು ಹೆಜ್ಜೆ. ಗುಣಿಸಿದರೆ ಸೆಕೆಂಡಿಗೆ 8,820 ಸಲ ಬಾಗಿಲು ಬದಲಾಗಬೇಕು. ಪ್ರೊಪೆಲರ್ ಹಾಕಿದಾಗ ಇಷ್ಟು ವೇಗ ಬರುವುದಿಲ್ಲವೆಂಬುದು ನಿಜ. ಆದರೂ ಕೆಲಸದ ಸೂಕ್ಷ್ಮತೆಯನ್ನು ತಿಳಿಯಲು ಈ ಲೆಕ್ಕ ಸಾಕು. ಇಷ್ಟಿದ್ದೂ, ಮೋಟಾರು ಹಿಂದುಮುಂದಾಗಿ ತಿರುಗಿದರೆ ಮೂರರಲ್ಲಿ ಯಾವ ಎರಡು ತಂತಿಗಳನ್ನಾದರೂ ಅದಲುಬದಲು ಮಾಡಿದರಾಯಿತು, ಮಗ್ಗದ ಮೋಟಾರಿನಲ್ಲಿ ಮಾಡಿದಂತೆಯೇ! ಇದನ್ನು ನಾನು ಮಾಡಿ ತೋರಿಸಿದಾಗ ಸೊಸೆ ಪುಸ್ತಕ ಮುಚ್ಚಿಟ್ಟು ನಕ್ಕಳು.

ನಿಯಂತ್ರಕವನ್ನು ಕೊಳ್ಳುವವರು ಮೊದಲು ನೋಡುವುದು ಅದರ ಮೇಲಿನ ಆಂಪಿಯರ್ ಸಂಖ್ಯೆಯನ್ನು. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಗೆ ನೋಡಬೇಕು. ಮೋಟಾರು, ಪ್ರೊಪೆಲರ್, ಬ್ಯಾಟರಿ ಈ ಮೂರೂ ಕೂಡಿ ಎಷ್ಟು ಕೇಳುತ್ತವೆ ಎಂಬುದನ್ನು ಮೊದಲು ಅಳೆಯಬೇಕು. ಒಂದೇ ಮೋಟಾರಿಗೆ ಎಂಟು ಇಂಚಿನ ಪ್ರೊಪೆಲರ್ ಹಾಕಿದರೆ ಒಂದು ಲೆಕ್ಕ, ಹತ್ತು ಇಂಚಿನದಕ್ಕೆ ಇನ್ನೊಂದು. ನಾವು ಹತ್ತು ಇಂಚಿನದನ್ನು ಆರಿಸಿದ್ದೆವು. ನನ್ನ ಹಳೆಯ ಕ್ಲಾಂಪ್ ಮೀಟರು ಕಂಬದ ವಿದ್ಯುತ್ತನ್ನು ಮಾತ್ರ ಅಳೆಯುವಂಥದು. ಬ್ಯಾಟರಿಯ ನೇರ ವಿದ್ಯುತ್ತಿಗೆ ಅದು ಮೂಕ. ಬ್ಯಾಟರಿಗೂ ನಿಯಂತ್ರಕಕ್ಕೂ ನಡುವೆ ಜೋಡಿಸುವ ವ್ಯಾಟ್ ಮೀಟರೊಂದನ್ನು ತರಿಸಿದೆವು. ತಂಗಿಯ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಭಾರವಾದ ಹಲಗೆಯನ್ನಿಟ್ಟು, ಅದಕ್ಕೆ ಮೋಟಾರನ್ನು ಬಿಗಿದು, ಗಾಳಿ ಮೇಲಕ್ಕೆ ಹೋಗಿ ಒತ್ತಡ ಕೆಳಕ್ಕೆ ಬೀಳುವಂತೆ ಪ್ರೊಪೆಲರನ್ನು ಹೂಡಿದೆವು. ಪರೀಕ್ಷೆಯ ವೇಳೆ ಯಾರೂ ಅದರ ಸಮದಲ್ಲಿ ನಿಲ್ಲಕೂಡದೆಂದು ಕಟ್ಟಪ್ಪಣೆ. ಆ ಪ್ಲಾಸ್ಟಿಕ್ ಅಲಗು ಬೆರಳನ್ನು ಕತ್ತರಿಸಬಲ್ಲದು.

ತಕ್ಕಡಿ 300 ಗ್ರಾಂ ತೋರಿದಾಗ, ಅಂದರೆ ಡ್ರೋನು ಗಾಳಿಯಲ್ಲಿ ಸುಮ್ಮನೆ ನಿಲ್ಲಲು ಪ್ರತಿ ಮೋಟಾರು ಹೊರಬೇಕಾದ ಪಾಲಿನಲ್ಲಿ, ಮೀಟರು ತೋರಿದ್ದು ಮೂರೂಕಾಲು ಆಂಪಿಯರ್. ಪೂರ್ಣ ವೇಗದಲ್ಲಿ 760 ಗ್ರಾಂ ಮತ್ತು 13 ಆಂಪಿಯರ್. ಮೋಟಾರಿನ ವಿವರಪತ್ರದಲ್ಲಿ 12 ಆಂಪಿಯರ್, ಅದೂ 60 ಸೆಕೆಂಡು ಎಂದಿರುವುದರಿಂದ ಪೂರ್ಣ ವೇಗ ಕ್ಷಣಮಾತ್ರದ ವಿಷಯ.

ಸೊಸೆಗೆ ಈ ಅಂಕಿಗಳಿಂದ ಧೈರ್ಯ ಬಂತು. "ಮಾಮಾ, ಹದಿಮೂರು ಅಂದ್ರ ಇಪ್ಪತ್ತು ಆಂಪಿಯರಿಂದು ಸಾಕಾಗ್ತದಲ್ಲ? ರೊಕ್ಕಾನೂ ಉಳೀತಾವು" ಎಂದಳು.

"ಲೆಕ್ಕಕ್ಕ ಸಾಕಾಗ್ತದವ್ವ. ಹುಲ್ಲಿಗೆ ಪ್ರೊಪೆಲರ್ ತಾಗಿ ಮೋಟಾರು ಬಿಗದ್ರ? ಏಪ್ರಿಲ್ ಬಿಸಲಾಗ ಗಾಳಿ ಇಲ್ಲದ ಸಂದ್ಯಾಗ ಕೂತ್ರ?" ಎಂದೆ.

ನಿಯಂತ್ರಕದ ಮೇಲೆ ಮುದ್ರಿಸಿದ ಸಂಖ್ಯೆ ಒಳ್ಳೆಯ ಗಾಳಿಯಾಡುವಾಗ ಅದು ಸತತವಾಗಿ ತಾಳಬಲ್ಲ ಪ್ರವಾಹ. ಪಕ್ಕದಲ್ಲಿಯೇ ಹತ್ತು ಸೆಕೆಂಡಿನ ಇನ್ನೊಂದು ದೊಡ್ಡ ಸಂಖ್ಯೆ ಇರುವುದುಂಟು. ಅದನ್ನು ನಂಬಿ ಕೊಳ್ಳುವುದು ಮದುವೆಮನೆಯ ದೀಪಾಲಂಕಾರ ನೋಡಿ ಮನೆತನವನ್ನು ಅಳೆದಂತೆ. ಬಿಸಿಯಾದಷ್ಟೂ ಮಾಸ್‌ಫೆಟ್ಟಿನ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ಇಪ್ಪತ್ತಕ್ಕೂ ಮೂವತ್ತಕ್ಕೂ ತೂಕದಲ್ಲಿ ಕೆಲವೇ ಗ್ರಾಂಗಳ ಅಂತರ. ಮೂವತ್ತು ಆಂಪಿಯರ್ ಎಂದು ಗೊತ್ತುಮಾಡಿದೆವು. ವೋಲ್ಟೇಜಿನ ವಿಷಯದಲ್ಲಿ ಮಾತ್ರ ಇಂಥ ಚರ್ಚೆಗೆ ಎಡೆಯಿಲ್ಲ: ಮೂರು ಕೋಶಗಳಿಗೆಂದು ಮಾಡಿದುದಕ್ಕೆ ನಾಲ್ಕು ಕೋಶಗಳ ಬ್ಯಾಟರಿ ಜೋಡಿಸಿದರೆ ಅದು ಹೊಗೆಯಾಡುವುದು ಖಂಡಿತ. ನಾವು ನಾಲ್ಕು ಕೋಶಗಳನ್ನೂ ತಾಳುವಂಥದನ್ನೇ ಹುಡುಕಿದೆವು.

ಅಷ್ಟರಲ್ಲಿ ಒಂದು ಧರ್ಮಸಂಕಟ ಒದಗಿತು. ಈಗ ಪುಣೆಯಲ್ಲಿ ನೆಲೆಸಿರುವ ನನ್ನ ಸಹಪಾಠಿಯೊಬ್ಬನಿಗೆ ಮಾದರಿ ವಿಮಾನಗಳನ್ನು ಹಾರಿಸುವ ಹವ್ಯಾಸವಿದೆ. ಸುದ್ದಿ ತಿಳಿದೊಡನೆ ಅವನು ತನ್ನ ಬಳಿಯಿದ್ದ 40 ಆಂಪಿಯರಿನ ನಾಲ್ಕು ನಿಯಂತ್ರಕಗಳನ್ನು ಮಹೋತ್ಸವದ ಕಾಣಿಕೆಯೆಂದು ಕಳುಹಿಸಿಕೊಟ್ಟ. ಅವು ಉತ್ತಮ ತಯಾರಿಕೆಯವು. ಬೆಲೆಯೂ ನಮ್ಮ ಕೈಗೆ ಮೀರಿದ್ದು. ಸಮಿತಿಯವರು ಕಾಣಿಕೆಯ ಪಟ್ಟಿಯಲ್ಲಿ ಅವನ ಹೆಸರನ್ನು ಬರೆದೂ ಆಗಿತ್ತು. ಅವನ್ನು ಹೂಡುವುದಿಲ್ಲವೆಂದು ಹೇಳುವ ಕಷ್ಟ ನನ್ನದಾಯಿತು.

"ಲೇ ದೋಸ್ತ, ನಲವತ್ತು ಅಂದ್ರ ಮೂವತ್ತಕ್ಕಿಂತ ದೊಡ್ಡದಲ್ಲೇನೋ?" ಎಂದು ಅವನು ದೂರವಾಣಿಯಲ್ಲಿ ಕೇಳಿದ. ದೊಡ್ಡದು ಹೌದು. ಆದರೆ ಅದು ವಿಮಾನಕ್ಕೆಂದು ಹುಟ್ಟಿದ್ದು. ಲಿಥಿಯಂ ಕೋಶ 3 ವೋಲ್ಟಿನ ಆಸುಪಾಸಿಗೆ ಇಳಿದರೆ ಕೆಟ್ಟುಹೋಗುತ್ತದೆ. ಆದಕಾರಣ ವಿಮಾನದ ನಿಯಂತ್ರಕವು ವೋಲ್ಟೇಜು ಆ ಮಟ್ಟಕ್ಕೆ ಬಂದೊಡನೆ ಮೋಟಾರಿನ ಶಕ್ತಿಯನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸಿಯೇ ಬಿಡುತ್ತದೆ. ವಿಮಾನ ತೇಲುತ್ತ ಇಳಿಯುತ್ತದೆ, ಬ್ಯಾಟರಿ ಉಳಿಯುತ್ತದೆ. ನಮ್ಮ ಮಗ್ಗದ ರಿಲೇ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ನಾನು ಜೀವಮಾನವಿಡೀ ಹೊಗಳಿದ ಗುಣವೇ ಇಲ್ಲಿ ಮೃತ್ಯುವಾಗಿ ನಿಂತಿತ್ತು. ಗಾಳಿಯ ಹೊಡೆತವನ್ನು ಎದುರಿಸಲು ನಾಲ್ಕೂ ಮೋಟಾರುಗಳು ಏಕಕಾಲಕ್ಕೆ ಶಕ್ತಿ ಕೇಳಿದಾಗ, ಅರ್ಧ ತುಂಬಿರುವ ಬ್ಯಾಟರಿಯ ವೋಲ್ಟೇಜೂ ಕ್ಷಣಕಾಲ ಕುಸಿಯುತ್ತದೆ. ಹಳೆಯ ಬ್ಯಾಟರಿಯಾದರೆ ಆ ಕುಸಿತ ಇನ್ನೂ ಆಳ. ನಾಲ್ಕು ನಿಯಂತ್ರಕಗಳು ನಾಲ್ಕು ಕಡೆ ಸ್ವತಂತ್ರವಾಗಿ ಅಳೆಯುತ್ತಿರುವುದರಿಂದ ನಾಲ್ಕೂ ಒಂದೇ ಕ್ಷಣಕ್ಕೆ ನಿಲ್ಲುವುದಿಲ್ಲ. ಯಾವುದೋ ಒಂದು ಮೊದಲು ನಿಲ್ಲುತ್ತದೆ. ಉಳಿದ ಮೂರು ಯಂತ್ರವನ್ನು ಮಗುಚಿ ಹಾಕುತ್ತವೆ. ಅವನು ಕಳುಹಿಸಿದ ಮಾದರಿಯಲ್ಲಿ ಈ ಮಟ್ಟವನ್ನು ತುಸು ಕೆಳಗಿಳಿಸಬಹುದಿತ್ತು, ತೆಗೆದುಹಾಕಲು ಬರುತ್ತಿರಲಿಲ್ಲ. ಮೇಲಾಗಿ, ವಿಮಾನಕ್ಕೆ ಸಾಕೆಂದು ಅದು ವೇಗದ ಆಜ್ಞೆಗೆ ನಿಧಾನವಾಗಿ ಸ್ಪಂದಿಸುತ್ತದೆ. ಡ್ರೋನು ಸಮತೋಲ ಕಾಯಲು ಸೆಕೆಂಡಿಗೆ ನೂರಾರು ಸಲ ವೇಗ ಬದಲಿಸಬೇಕು.

ಸ್ನೇಹಿತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರ ಬ್ಯಾಟರಿ ಸತ್ರೂ ನಡೀತದ ಅಂತಿ?" ಎಂದ. ನಡೆಯುತ್ತದೆ. ಕೆಲವು ಸಾವಿರ ರೂಪಾಯಿಗಳ ಬ್ಯಾಟರಿ ಹಾಳಾದರೂ ಚಿಂತೆಯಿಲ್ಲ, ಕೊನೆಯ ಹನಿಯವರೆಗೂ ಮೋಟಾರು ತಿರುಗಿ ಯಂತ್ರ ನೆಲಕ್ಕೆ ನೆಟ್ಟಗೆ ಇಳಿಯಬೇಕು. ಯಂತ್ರದಲ್ಲಿ ರಕ್ಷಣೆಯ ವ್ಯವಸ್ಥೆಯಿದೆ ಎಂದಾಗ ಯಾರ ರಕ್ಷಣೆ ಎಂದು ಕೇಳಬೇಕೆಂಬುದು ನನಗೆ ಅಂದು ಸ್ಪಷ್ಟವಾಯಿತು. ಅವನ ನಿಯಂತ್ರಕಗಳು ಈಗ ಶಾಲೆಯ ವಿಜ್ಞಾನದ ಕಪಾಟಿನಲ್ಲಿವೆ. ಮಕ್ಕಳು ಮುಂದೆ ರೆಕ್ಕೆಯುಳ್ಳ ವಿಮಾನ ಕಟ್ಟಿದರೆ ಅವಕ್ಕಿಂತ ಒಳ್ಳೆಯವು ಸಿಗಲಾರವು. ಕಾಣಿಕೆಯ ಪಟ್ಟಿಯಲ್ಲಿ ಅವನ ಹೆಸರೂ ಹಾಗೆಯೇ ಇದೆ.

ಉಳಿದದ್ದು ಮೂವತ್ತು ಆಂಪಿಯರಿನವುಗಳಲ್ಲಿ ಯಾವುದು ಎಂಬ ಪ್ರಶ್ನೆ. ಬಹುಕಾಲದಿಂದ ಹವ್ಯಾಸಿಗಳ ಮೆಚ್ಚಿಗೆ ಪಡೆದದ್ದು ಸೈಮನ್ ಕಿರ್ಬಿ ಎಂಬವರು ಬರೆದ, ‘ಸೈಮನ್‌ಕೆ’ ಎಂದೇ ಹೆಸರಾದ ತಂತ್ರಾಂಶವುಳ್ಳ ಅಗ್ಗದ ನಿಯಂತ್ರಕ. ಬಹುರೆಕ್ಕೆಯ ಯಂತ್ರಗಳಿಗಾಗಿಯೇ ಒಗ್ಗಿಸಿದ್ದರಿಂದ ಅದು ಚುರುಕು. ಬ್ಯಾಟರಿಯ ಚಿಂತೆಯಿಂದ ಮೋಟಾರನ್ನು ನಿಲ್ಲಿಸುವುದಿಲ್ಲ. ಆದರೆ ಪೇಟೆಯಲ್ಲಿ ಆ ಹೆಸರಿನ ಚೀಟಿ ಅಂಟಿಸಿದ್ದೆಲ್ಲವೂ ಒಳಗೆ ಅದೇ ಆಗಿರುವುದಿಲ್ಲ. ಒಂದೇ ಚೀಟಿಯ ಎರಡನ್ನು ಬೇರೆಬೇರೆ ಅಂಗಡಿಗಳಿಂದ ತಂದು, ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಸೀಳಿ ನೋಡಿದೆವು. ಒಂದರಲ್ಲಿ ಹದಿನೆಂಟು ಮಾಸ್‌ಫೆಟ್‌ಗಳು, ಇನ್ನೊಂದರಲ್ಲಿ ಹನ್ನೆರಡು. ಹಲಗೆಯ ಮೇಲೆ ಕಟ್ಟಿ ವೇಗವನ್ನು ಥಟ್ಟನೆ ಏರಿಸಿದಾಗ ಎರಡನೆಯದರ ಮೋಟಾರು ಹೆಜ್ಜೆ ತಪ್ಪಿ ಕಿರುಚಿ ನಿಂತಿತು. ಖಾಲಿ ಸುತ್ತಿನ ಸುಳಿವನ್ನು ಅದು ಕಳೆದುಕೊಂಡಿತ್ತು. ಒಂದು ಫೇಸು ಹೋದ ಮಗ್ಗದ ಮೋಟಾರಿನ ನರಳಾಟವೇ ಅದು. ಇಲ್ಲಿ ಆಕಾಶದಲ್ಲಿ ಆಗುತ್ತದೆ, ಅಷ್ಟೇ ವ್ಯತ್ಯಾಸ. ನಿಧಾನವಾಗಿ ವೇಗ ಏರಿಸಿ ‘ಚೆನ್ನಾಗಿದೆ’ ಎನ್ನುವವರಿಗೆ ಈ ದೋಷ ಕಾಣಿಸದು. ಕೊಂಡ ಪ್ರತಿಯೊಂದನ್ನೂ ಹೀಗೆ ಥಟ್ಟನೆ ಏರಿಸಿ, ಥಟ್ಟನೆ ಇಳಿಸಿ ಪರೀಕ್ಷಿಸಬೇಕು.

ಸೊಸೆಯ ಒಲವು ಮೊದಲಿನಿಂದಲೂ ‘ಡಿಶಾಟ್’ ಎಂಬ ಅಂಕೀಯ ಸಂಕೇತವನ್ನು ಅರಿಯುವ ಹೊಸ ಬಗೆಯ ಕಡೆಗಿತ್ತು. ಬೆಲೆ ದುಪ್ಪಟ್ಟು. ನಾನು ಹಿಂಜರಿದೆ, ಅವಳು ಕಾಗದದ ಮೇಲೆ ಬರೆದು ವಾದಿಸಿದಳು. ಹಳೆಯ ಪದ್ಧತಿಯಲ್ಲಿ ವೇಗದ ಆಜ್ಞೆ ಬರುವುದು ಸ್ಪಂದನದ ಅವಧಿಯಾಗಿ: ಒಂದು ಮಿಲಿಸೆಕೆಂಡು ಎಂದರೆ ನಿಲ್ಲು, ಎರಡು ಎಂದರೆ ಪೂರ್ಣ ವೇಗ. ಪ್ರತಿ ನಿಯಂತ್ರಕ ತನ್ನದೇ ಗಡಿಯಾರದಿಂದ ಅದನ್ನು ಅಳೆಯುತ್ತದೆ, ಗಡಿಯಾರಗಳು ಒಂದನ್ನೊಂದು ಹೋಲುವುದಿಲ್ಲ, ಬಿಸಿಗೆ ಬದಲಾಗುತ್ತವೆ; ಆದ್ದರಿಂದ ನಾಲ್ಕಕ್ಕೂ ಕನಿಷ್ಠ ಗರಿಷ್ಠಗಳನ್ನು ಮೊದಲೇ ಕಲಿಸಬೇಕು. ಹೊಸ ಪದ್ಧತಿಯಲ್ಲಿ ಆಜ್ಞೆಯೇ 16 ಬಿಟ್‌ಗಳ ಸಂಖ್ಯೆ. 11 ವೇಗಕ್ಕೆ, ಒಂದು ನಿಯಂತ್ರಕದಿಂದ ಮಾಹಿತಿ ಬೇಡಲು, ಉಳಿದ ನಾಲ್ಕು ಪರಿಶೀಲನೆಗೆ. ತಂತಿಯಲ್ಲಿ ಗದ್ದಲವೆದ್ದು ಸಂಖ್ಯೆ ಕೆಟ್ಟರೆ ಪರಿಶೀಲನೆ ತಾಳೆಯಾಗದೆ ಅದನ್ನು ಕಸಕ್ಕೆ ಹಾಕಲಾಗುತ್ತದೆ. ಮುಂದಿನದು ಅರೆಕ್ಷಣದಲ್ಲಿ ಬರುತ್ತದೆ. ಕೆಟ್ಟ ಮಾತನ್ನು ಕಿವಿಗೆ ಹಾಕಿಕೊಳ್ಳದ ಈ ಗುಣ ನನ್ನನ್ನು ಸೋಲಿಸಿತು. ಅವಳ ಪಕ್ಷವೇ ಗೆದ್ದಿತು.

ತಂತ್ರಾಂಶದ ಬಗ್ಗೆ ನನ್ನದೂ ಒಂದು ಹಟವಿತ್ತು. ‘ಬಿಎಲ್‌ಹೆಲಿ 32’ ಎಂಬ ಜನಪ್ರಿಯ ತಂತ್ರಾಂಶದ ಮೂಲ ಬರಹ ಗುಟ್ಟಾಗಿಯೇ ಇತ್ತು. 2024ರಲ್ಲಿ ಅದರ ತಯಾರಿಕೆ ನಿಂತಾಗ ಅದನ್ನು ನಂಬಿದವರು ನಡುನೀರಿನಲ್ಲಿ ಉಳಿದರು. ‘ಎಎಂ32’ ಎಂಬುದರ ಬರಹ ಎಲ್ಲರಿಗೂ ಮುಕ್ತ. ಸುತ್ತಿನ ಲೆಕ್ಕವನ್ನು ಬಚ್ಚಿಡುವ ಮೇಸ್ತ್ರಿಗಳನ್ನು ನಾನು ಕಂಡಿದ್ದೇನೆ; ಅವರು ತೀರಿಕೊಂಡ ಮೇಲೆ ಆ ಮೋಟಾರುಗಳನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನೂ ಕಂಡಿದ್ದೇನೆ. ಮುಕ್ತವಾದದ್ದನ್ನೇ ಕೊಂಡೆವು, ಒಂದೇ ತಂಡದ ಐದು: ನಾಲ್ಕು ಹೂಡಲು, ಒಂದು ಮೀಸಲು. ಸೊಸೆ ಕಂಪ್ಯೂಟರಿಗೆ ಜೋಡಿಸಿ, ಕಡಿಮೆ ವೋಲ್ಟೇಜಿಗೆ ನಿಲ್ಲುವ ಸೌಲಭ್ಯ ಐದರಲ್ಲಿಯೂ ಮುಚ್ಚಿದೆಯೆಂದು ಒಂದೊಂದಾಗಿ ಓದಿ ಹೇಳಿದಳು. ನಾನು ಪುಸ್ತಕದಲ್ಲಿ ಗುರುತು ಹಾಕಿದೆ.

ಜೋಡಣೆಯಲ್ಲಿ ಹೇಳಬೇಕಾದದ್ದು ಒಂದೇ. ನಿಯಂತ್ರಕವನ್ನು ತೋಳಿನ ತುದಿಗೆ ಕೂರಿಸುವ ಆಸೆಯಿಂದ ಬ್ಯಾಟರಿಯ ಕಡೆಯ ತಂತಿಗಳನ್ನು ಉದ್ದ ಮಾಡುವವರಿದ್ದಾರೆ. ಬಾಗಿಲುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವಾಗ ಉದ್ದ ತಂತಿಯಲ್ಲಿ ವೋಲ್ಟೇಜಿನ ಅಲೆಗಳು ಏಳುತ್ತವೆ. ನಿಯಂತ್ರಕದ ಕೆಪಾಸಿಟರುಗಳನ್ನೂ ಮಾಸ್‌ಫೆಟ್‌ಗಳನ್ನೂ ಅವು ಕೊಲ್ಲುತ್ತವೆ. ಉದ್ದ ಬೇಕಾದರೆ ಮೋಟಾರಿನ ಕಡೆ ಮಾಡಬೇಕು. ಬ್ಯಾಟರಿಯ ಬಾಯಿಗೆ 35 ವೋಲ್ಟಿನ ದೊಡ್ಡ ಕೆಪಾಸಿಟರೊಂದನ್ನು ಬೆಸುಗೆ ಹಾಕಿದೆವು.

ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಇದನ್ನೆಲ್ಲ ತೋರಿಸಿದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಅಜ್ಜಾರ, ಅದು ತಾನಾಗಿ ನಿಲ್ಲೂದಿಲ್ಲಂದ್ರ, ಬ್ಯಾಟರಿ ಮುಗದದ್ದು ನಮಗ ಹೆಂಗ ತಿಳೀತದ್ರಿ?" ಎಂದು ಕೇಳಿದ. ಇಡೀ ಆಯ್ಕೆಯ ಮರ್ಮವನ್ನೇ ಹಿಡಿದಿದ್ದ. ನಿಲ್ಲಿಸುವ ಕೆಲಸವನ್ನು ಯಂತ್ರದಿಂದ ಕಿತ್ತುಕೊಂಡ ಮೇಲೆ ಅದು ಮನುಷ್ಯನ ಹೊಣೆ. ಬ್ಯಾಟರಿಗೆ ಚಿಕ್ಕ ಅಲಾರ್ಮು ಕಟ್ಟಿ, 10.8 ವೋಲ್ಟಿಗೆ ಕೂಗುವಂತೆ ಹೊಂದಿಸಿದ್ದೇವೆ. ಕೂಗಿದೊಡನೆ ಛಾಯಾಚಿತ್ರ ಎಷ್ಟೇ ಚೆನ್ನಾಗಿ ಕಾಣುತ್ತಿರಲಿ, ಇಳಿಸಲೇಬೇಕು. ಆ ಹುಡುಗನನ್ನೇ ಗಡಿಯಾರ ಹಿಡಿದು ನಿಲ್ಲಲು ನೇಮಿಸಿದೆವು.

2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿ 2 ಕಿಲೋಗ್ರಾಂವರೆಗಿನದು ‘ಮೈಕ್ರೋ’ ವರ್ಗ. ನೋಂದಣಿ ಮಾಡಿಸಿ, ಸಂಖ್ಯೆಯನ್ನು ತೋಳಿನ ಮೇಲೆ ಅಂಟಿಸಿದೆವು. ಹಾರಿಸಿದ್ದು ರವಿವಾರ ಮುಂಜಾನೆ, ಘಟ್ಟದ ಗಾಳಿ ಏಳುವ ಮೊದಲು, ಅಂಗಳದಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ. ಗಡಿಯಾರದ ಹುಡುಗನೂ ನಾವಿಬ್ಬರೂ ಜಗುಲಿಯ ಸೂರಿನ ಕೆಳಗೆ. 30 ಮೀಟರ್ ಎತ್ತರದಲ್ಲಿ ಆರು ನಿಮಿಷ ನಿಂತು, ಅಲಾರ್ಮು ಕೂಗುವ ಮೊದಲೇ ಇಳಿಯಿತು. ಇಳಿದೊಡನೆ ಬ್ಯಾಟರಿ ಕಳಚಿ, ನಾಲ್ಕು ನಿಯಂತ್ರಕಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ಮೂರು ಉಗುರುಬೆಚ್ಚಗಿದ್ದವು. ಹಿಂದಿನ ಎಡತೋಳಿನದು ಮಾತ್ರ ಉಳಿದವಕ್ಕಿಂತ ಬಿಸಿ. ಬ್ಯಾಟರಿಯ ಪಟ್ಟಿ ಅದಕ್ಕೆ ಗಾಳಿಯಾಡದಂತೆ ಅಡ್ಡ ಬಂದಿತ್ತು. ಅದನ್ನು ಎರಡು ಅಂಗುಲ ಹೊರಕ್ಕೆ ಸರಿಸಿ ಕಟ್ಟುವ ಕೆಲಸ ಈ ವಾರದ್ದು.